ಸಿಂಪ್ಯೂಟರ್: ಅನುಕರಣೆ ಮತ್ತು ಸಂರಕ್ಷಣೆ

ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ರೂಪಿಸಿದ ಸಿಂಪ್ಯೂಟರನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅದು ಮಾರುಕಟ್ಟೆಯಲ್ಲಿ ನೆಲೆಗೊಳ್ಳಲಿಲ್ಲವೆಂಬ ಮಾತಿಗೇ ನಿಲ್ಲುತ್ತದೆ. 2001ರಲ್ಲಿ ಅನಾವರಣಗೊಂಡು, 2004ರಲ್ಲಿ ಬಿಇಎಲ್ ಸಹಯೋಗದಿಂದ ‘ಅಮಿಡಾ’ ಎಂಬ ಹೆಸರಿನಲ್ಲಿ ಬಂದ ಈ ಸಾಧನದ ತಂತ್ರಾಂಶವನ್ನು ಮುಂದಿನ ಸಂಶೋಧಕರು ನಡೆಸಿ ನೋಡುವುದು ಹೇಗೆಂಬುದು ಅದಕ್ಕಿಂತ ಗುರುತರವಾದ ಪ್ರಶ್ನೆ.

ಸಾಧನಗಳು ಕೆಟ್ಟ ಮೇಲೆ ಉಳಿಯುವ ದಾರಿ ಅನುಕರಣೆಯೊಂದೇ. ಸಿಂಪ್ಯೂಟರಿನ ಸ್ಟ್ರಾಂಗ್‌ಆರ್ಮ್ ಪ್ರೊಸೆಸರಿನ ಅನುಕರಣೆ ಕ್ಯೂಎಮ್ಯು ತಂತ್ರಾಂಶಕ್ಕೆ 2011ರಲ್ಲಿ ಸೇರಿತು. ಆದೇಶಗಳನ್ನು ಖಂಡಖಂಡವಾಗಿ ಅನುವಾದಿಸುವ ಈ ತಂತ್ರಾಂಶವು ಸಾಧನದ ಇಂಟರಪ್ಟ್ ಕರೆಯನ್ನು ಖಂಡಗಳ ಸಂಧಿಯಲ್ಲಿ ಗಮನಿಸುತ್ತದೆ. ಲಿನಕ್ಸ್ ತನ್ನ ಪುಟಪಟ್ಟಿಯನ್ನು ಬದಲಿಸಿ ಹಳೆಯ ನಮೂದುಗಳನ್ನು ರದ್ದುಪಡಿಸಿದಾಗ ಅವನ್ನು ತಾನೂ ಅಳಿಸಬೇಕು. ಇಲ್ಲವಾದರೆ ಒಂದು ಪ್ರೋಗ್ರಾಮು ಮತ್ತೊಂದರ ಮೆಮೊರಿಯನ್ನು ಓದಿಬಿಡುತ್ತದೆ.

ಇಷ್ಟು ಪ್ರೊಸೆಸರಿಗೆ ಸಂಬಂಧಿಸಿದ್ದು. ಆದರೆ ಲೇಖನಿ ಪರದೆಯನ್ನು ಮುಟ್ಟಿದಾಗ ಕರೆ ಯಾವ ತಂತಿಯಲ್ಲಿ ಬರುತ್ತದೆ, ಸ್ಮಾರ್ಟ್‌ಕಾರ್ಡ್ ಓದುವ ಭಾಗ ಯಾವ ವಿಳಾಸದಲ್ಲಿದೆ ಎಂಬುದನ್ನು ಪ್ರೊಸೆಸರ್ ಹೇಳಲಾರದು. ಮಂಡಲದ ವಿನ್ಯಾಸವೇ ಹೇಳಬೇಕು. ಆ ನಕ್ಷೆಗಳು ಕಳೆದುಹೋದರೆ ಅನುಕರಣೆಯಲ್ಲಿ ಪ್ರೊಸೆಸರ್ ಓಡೀತು, ಸಿಂಪ್ಯೂಟರ್ ಓಡದು. ಆದ್ದರಿಂದ ಗ್ರಂಥಾಲಯಗಳೂ ಸಂಗ್ರಹಾಲಯಗಳೂ ಸಾಧನದ ಹೊರಕವಚದೊಡನೆ ಈ ನಕ್ಷೆಗಳನ್ನೂ ಫ್ಲಾಶ್ ಮೆಮೊರಿಯ ಪ್ರತಿಯನ್ನೂ ಕಾದಿಡುವುದು ಅಗತ್ಯ.