ಮಗ್ಗುಲು ಬದಲಿಸುವ ವಿದ್ಯೆ

ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಬರೆದ ‘ಬೇಸಿಕ್ ಪ್ರಿನ್ಸಿಪಲ್ಸ್ ಆಫ್ ನರ್ಸಿಂಗ್ ಕೇರ್’ ಎಂಬ ಪುಟ್ಟ ಹೊತ್ತಗೆಯನ್ನು ಅಂತಾರಾಷ್ಟ್ರೀಯ ದಾದಿಯರ ಮಂಡಳಿ 1960ರಲ್ಲಿ ಹೊರತಂದಿತು. ಅದು ಮುಂದೆ ಹಲವು ಭಾಷೆಗಳಿಗೆ ಹೋಯಿತು. ನಮ್ಮ ನರ್ಸಿಂಗ್ ಶಾಲೆಗಳ ವಿದ್ಯಾರ್ಥಿನಿಯರು ಉರು ಹೊಡೆಯುವ ಹದಿನಾಲ್ಕು ಅಗತ್ಯಗಳ ಪಟ್ಟಿ ಹೆಂಡರ್ಸನ್ ಅವರದೇ. ಉಸಿರಾಡುವುದು, ತಿನ್ನುವುದು ಕುಡಿಯುವುದು, ಮಲಮೂತ್ರ ವಿಸರ್ಜನೆ, ಮಗ್ಗುಲು ಬದಲಿಸುವುದು, ನಿದ್ದೆ, ಬಟ್ಟೆ, ಮೈಯ ಬಿಸಿ, ಮೈಯ ಶುಚಿ, ಅಪಾಯದಿಂದ ದೂರವಿರುವುದು. ಆಮೇಲೆ ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳುವುದು, ದೇವರು ದಿಂಡರು, ಕೆಲಸ, ಆಟ, ಕಲಿಕೆ. ಇಷ್ಟನ್ನು ಹೇಳುವುದಕ್ಕೆ ಪುಸ್ತಕ ಬೇಕಿತ್ತೇ ಎಂದು ಮೊದಲ ಓದಿಗೆ ಅನ್ನಿಸಿದರೆ ತಪ್ಪಿಲ್ಲ. ಇವು ಎಲ್ಲರ ಮನೆಯಲ್ಲೂ ಯಾರೋ ಒಬ್ಬ ಹೆಂಗಸು ಯಾರ ಹತ್ತಿರವೂ ಕಲಿಯದೆ ಮಾಡಿಕೊಂಡು ಬಂದ ಕೆಲಸಗಳು. ಆ ಅನಿಸಿಕೆಯೇ ಈ ವಿದ್ಯೆಗೆ ಅಂಟಿದ ದೊಡ್ಡ ರೋಗ. ಡಾಕ್ಟರ ಕೈಯಲ್ಲಿದ್ದರೆ ವಿದ್ಯೆ, ಸಿಸ್ಟರ ಕೈಯಲ್ಲಿದ್ದರೆ ಸೇವೆ, ಆಯಾಬಾಯಿಯ ಕೈಗೆ ಬಂದರೆ ಬರೀ ಕೂಲಿ ಎಂದು ನಾವು ದರ್ಜೆ ಹಚ್ಚಿದ್ದೇವೆ. ಕೆಳಗಿನ ಎರಡು ದರ್ಜೆಗಳನ್ನು ಹೊಗಳುತ್ತೇವೆ, ಎಣಿಸುವುದಿಲ್ಲ. ಇದರ ಬೆಲೆ ತೆರುವವನು ರೋಗಿ ಎಂಬುದಕ್ಕೆ ಮುಂಬೈಯಲ್ಲೇ, ಪರೇಲಿನಿಂದ ದಹಿಸರ್‌ವರೆಗೆ, ಬೇಕಾದಷ್ಟು ಸಾಕ್ಷ್ಯವಿದೆ.

ಪಟ್ಟಿಗಿಂತ ಹೆಚ್ಚು ಬೆಲೆಬಾಳುವುದು ಹೆಂಡರ್ಸನ್ ಪಟ್ಟಿಗೆ ಹಾಕಿದ ಷರತ್ತು. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನಷ್ಟೇ ನರ್ಸ್ ಮಾಡಬೇಕು, ಅದೂ ಅವನು ಆದಷ್ಟು ಬೇಗ ತನ್ನ ಕಾಲ ಮೇಲೆ ನಿಲ್ಲುವ ಹಾಗೆ. ಗುಣವಾಗದ ರೋಗವಾದರೆ ನೆಮ್ಮದಿಯ ಸಾವಿನವರೆಗೆ. ಈ ಮೂರರಲ್ಲಿ ಯಾವುದರ ಕೊರತೆ ಎಂದು ಗುರುತಿಸುವುದೇ ನರ್ಸಿಂಗ್‌ನ ಮೊದಲ ಹೆಜ್ಜೆ. ಲಕ್ವ ಹೊಡೆದು ಬಲಗೈ ಬಿದ್ದವನಿಗೆ ಶಕ್ತಿಯ ಕೊರತೆ, ಹೊಸದಾಗಿ ಇನ್ಸುಲಿನ್ ಹಿಡಿದವಳಿಗೆ ತಿಳಿವಳಿಕೆಯ ಕೊರತೆ, ಹೆಂಡತಿ ತೀರಿಕೊಂಡ ಮೇಲೆ ಊಟ ಬಿಟ್ಟ ಮುದುಕನಿಗೆ ಮನಸ್ಸಿನ ಕೊರತೆ. ಮೂವರಿಗೂ ಚಮಚದಲ್ಲಿ ಗಂಜಿ ಉಣ್ಣಿಸಿದರೆ ನೋಡುವವರ ಕಣ್ಣಿಗೆ ಅದು ಬಲು ಮಮತೆ. ವಿದ್ಯೆಯ ದೃಷ್ಟಿಯಲ್ಲಿ ಮೂರರಲ್ಲಿ ಎರಡು ತಪ್ಪು. ಎಡಗೈಯಲ್ಲಿ ತಿನ್ನುವುದನ್ನು ಕಲಿಯಬಹುದಾಗಿದ್ದವನ ಬಾಯಿಗೆ ದಿನವೂ ತುತ್ತಿಟ್ಟರೆ ಆ ಎಡಗೈಯೂ ಕ್ರಮೇಣ ಸೋಲುತ್ತದೆ. ಅತಿಸೇವೆಯೂ ಒಂದು ಬಗೆಯ ನಿರ್ಲಕ್ಷ್ಯ ಎಂಬ ಮಾತು ನಮ್ಮ ಮನೆಗಳಲ್ಲಿ ಯಾರಿಗೂ ರುಚಿಸುವುದಿಲ್ಲ. ಆದರೆ ಈ ಪುಸ್ತಕದ ತಿರುಳು ಅದೇ.

ಮಗ್ಗುಲು ಬದಲಿಸುವುದೆಂಬ ಒಂದೇ ಕೆಲಸವನ್ನು ಹತ್ತಿರದಿಂದ ನೋಡಿದರೂ ಸಾಕು. ಮಲಗಿದಲ್ಲೇ ಮಲಗಿದವನ ಬೆನ್ನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಅಂದರೆ ಎಲುಬು ಚರ್ಮಕ್ಕೆ ಹತ್ತಿರವಿರುವ ಜಾಗಗಳಲ್ಲಿ, ಮೈಭಾರಕ್ಕೆ ಸಣ್ಣ ರಕ್ತನಾಳಗಳು ಒತ್ತಿಹೋಗುತ್ತವೆ. ರಕ್ತ ಸಿಗದ ಮಾಂಸ ಒಳಗಿನಿಂದಲೇ ಸಾಯತೊಡಗುತ್ತದೆ. ಮೇಲೆ ಕಾಣುವುದು ಒಂದು ಕೆಂಪು ಗುರುತು ಮಾತ್ರ. ಬೆರಳಿನಿಂದ ಒತ್ತಿದಾಗ ಆ ಕೆಂಪು ಬಿಳುಚಿಕೊಳ್ಳುತ್ತದೆಯೋ ಇಲ್ಲವೋ ಎಂದು ನೋಡಬೇಕು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದಿದ್ದರೆ ಬಿಸಿಯನ್ನೂ ಗಟ್ಟಿತನವನ್ನೂ ಮುಟ್ಟಿ ತಿಳಿಯಬೇಕು. ಎರಡು ಗಂಟೆಗೊಮ್ಮೆ ಹೊರಳಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರ ಸೊಂಟದ ಎಲುಬಿಗೆ ಬೀಳುತ್ತದೆ, ಆದ್ದರಿಂದ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಲಗಿಸಬೇಕು, ಎಳೆಯಬಾರದು, ಎತ್ತಬೇಕು, ಇದು ಕೆಲವರಿಗಷ್ಟೇ ಗೊತ್ತು. ಒದ್ದೆ, ಉಜ್ಜಾಟ, ಊಟದ ಕೊರತೆ, ಸ್ಪರ್ಶಜ್ಞಾನದ ಕೊರತೆ ಇವನ್ನೆಲ್ಲ ಕೂಡಿಸಿ ಯಾರಿಗೆ ಹುಣ್ಣಾಗಬಹುದು ಎಂದು ಮುಂಚೆಯೇ ಅಂದಾಜಿಸುವ ಬ್ರೇಡನ್ ಮಾಪಕ 1987ರಿಂದಲೂ ಇದೆ. ಫ್ಲಾರೆನ್ಸ್ ನೈಟಿಂಗೇಲ್ ಅವರಂತೂ ಆ ಕಾಲದಲ್ಲೇ ಬೆಡ್‌ಸೋರ್ (ಈ ಹಾಸಿಗೆ ಹುಣ್ಣು) ಆದರೆ ಅದನ್ನು ರೋಗದ ತಲೆಗೆ ಕಟ್ಟದೆ ಶುಶ್ರೂಷೆಯ ಲೆಕ್ಕಕ್ಕೆ ಬರೆದರು. ಇದನ್ನು ವಿದ್ಯೆಯಲ್ಲ ಎನ್ನುವವರು ಯಾವುದನ್ನು ವಿದ್ಯೆ ಎನ್ನುತ್ತಾರೆ?

ಈ ವಿದ್ಯೆಯ ಅತಿ ದೀರ್ಘ ಪರೀಕ್ಷೆ ನಡೆದದ್ದು ಪರೇಲಿನ ಕೆಇಎಂ ಆಸ್ಪತ್ರೆಯ ನಾಲ್ಕನೇ ವಾರ್ಡಿಗೆ ಸೇರಿದ ಒಂದು ಕೋಣೆಯಲ್ಲಿ. ಉತ್ತರ ಕನ್ನಡದ ಹಳದಿಪುರದಿಂದ ಬಂದು ಅಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು ಆಸ್ಪತ್ರೆಯ ಒಳಗೇ ದಾಳಿ ನಡೆಯಿತು. ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ತಪ್ಪಿತು. 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಳ್ಳುವವರೆಗೆ, ಸುಮಾರು ನಾಲ್ವತ್ತೆರಡು ವರ್ಷ, ಅವರನ್ನು ನೋಡಿಕೊಂಡವರು ಅದೇ ಆಸ್ಪತ್ರೆಯ ನರ್ಸುಗಳು. ಮೊದಲು ಶುಶ್ರೂಷೆ ಮಾಡಿದವರು ನಿವೃತ್ತರಾದರು, ಅವರ ನಂತರದವರೂ ನಿವೃತ್ತರಾದರು, ಪಾಳಿ ತಪ್ಪಲಿಲ್ಲ. 1980ರ ದಶಕದಲ್ಲಿ ಅವರನ್ನು ಅಲ್ಲಿಂದ ಸಾಗಿಸುವ ಮಾತು ಬಂದಾಗ ನರ್ಸುಗಳು ಪ್ರತಿಭಟಿಸಿ ತಡೆದರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ ಬೆಳಕಿಗೆ ಬಂದದ್ದನ್ನು ವೈದ್ಯಲೋಕ ಬೆರಗಿನಿಂದ ಕೇಳಿತು: ಅಷ್ಟು ವರ್ಷ ಹಾಸಿಗೆ ಹಿಡಿದವರ ಮೈಮೇಲೆ ಒಂದೂ ಬೆಡ್‌ಸೋರ್ ಇಲ್ಲ. ನ್ಯಾಯಾಲಯ ನೇಮಿಸಿದ ಮೂವರು ವೈದ್ಯರ ತಂಡವೂ ಅವರು ಶುಚಿಯಾಗಿದ್ದುದನ್ನು ದಾಖಲಿಸಿತು. 2010ರಲ್ಲಿ ಮಲೇರಿಯಾ ಬಂದು ಊಟ ಕಡಿಮೆಯಾಗುವವರೆಗೂ ಅವರಿಗೆ ಅರೆದ ಆಹಾರವನ್ನು ಬಾಯಿಂದಲೇ ಉಣ್ಣಿಸುತ್ತಿದ್ದರು, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಬಂದದ್ದು ಆಮೇಲೆ. ನುಂಗುವುದು ಖಚಿತವಿಲ್ಲದ ರೋಗಿಗೆ ದಶಕಗಳ ಕಾಲ ಬಾಯಿಂದ ಉಣ್ಣಿಸುವುದು ಎಷ್ಟು ತಾಳ್ಮೆಯ, ಎಷ್ಟು ಎಚ್ಚರದ ಕೆಲಸ ಎಂಬುದು ಒಂದು ವಾರ ಮಾಡಿದವರಿಗೆ ಗೊತ್ತು.

2011ರ ಮಾರ್ಚ್ 7ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಈ ನರ್ಸುಗಳನ್ನು ಮನಸಾರೆ ಕೊಂಡಾಡಿದರು, ಪತ್ರಿಕೆಗಳು ಅದನ್ನೇ ಮುಂದುವರಿಸಿದವು. ಎಲ್ಲ ಕಡೆ ತ್ಯಾಗ, ಸಮರ್ಪಣೆ, ಅಕ್ಕತಂಗಿಯರ ಪ್ರೀತಿ. ನನ್ನ ತಕರಾರು ಇಲ್ಲಿದೆ. ಪ್ರೀತಿ ಇತ್ತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬೆಡ್‌ಸೋರ್ ಪ್ರೀತಿಗೆ ಹೆದರುವುದಿಲ್ಲ, ಹೆದರುವುದು ಎರಡು ಗಂಟೆಯ ಗಡಿಯಾರಕ್ಕೆ. ಗಾಢವಾಗಿ ಪ್ರೀತಿಸುವ ಮಕ್ಕಳ ಮನೆಯಲ್ಲೇ ತಿಂಗಳೊಳಗೆ ತಾಯಿಯ ಬೆನ್ನು ಕೊಳೆತದ್ದುಂಟು. ಕೆಇಎಂನಲ್ಲಿ ಗೆದ್ದದ್ದು ಪ್ರೀತಿಯ ಜೊತೆಗಿದ್ದ ಮೂರು ಸಂಗತಿಗಳು: ಕಲಿತ ಕೈ, ಮೂರು ಪಾಳಿಯಲ್ಲೂ ಕೈಬದಲಾಗುವ ವರದಿ, ಒಬ್ಬ ರೋಗಿಗೆ ಸಾಕಷ್ಟು ಜನ. ಇದನ್ನು ತ್ಯಾಗ ಎಂದು ಕರೆದ ಕ್ಷಣ ಉಳಿದ ಆಸ್ಪತ್ರೆಗಳಿಂದ ಇದನ್ನೇ ಕೇಳುವ ಹಕ್ಕು ನಮ್ಮ ಕೈಬಿಡುತ್ತದೆ. ತ್ಯಾಗವನ್ನು ಯಾರೂ ಬೇಡಿಕೆಯಾಗಿ ಮುಂದಿಡಲಾರರು; ವಿದ್ಯೆಯನ್ನು ಇಡಬಹುದು, ಸಂಖ್ಯೆಯನ್ನು ಇಡಬಹುದು.

ಹಾಗೆಂದು ಆ ಶುಶ್ರೂಷೆಯಲ್ಲಿ ಕೊರತೆಯೇ ಇರಲಿಲ್ಲ ಎನ್ನುವುದೂ ವಿಮರ್ಶೆಯಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ ಆ ದಯಾಮರಣದ ಅರ್ಜಿ ಅರುಣಾ ಅವರ ಮಣಿಕಟ್ಟುಗಳು ಒಳಕ್ಕೆ ತಿರುಚಿಕೊಂಡಿವೆ, ಹಲ್ಲು ಹಾಳಾಗಿವೆ ಎಂದು ಹೇಳಿತ್ತು. ಕೀಲುಗಳನ್ನು ದಿನವೂ ಆಡಿಸುವುದು, ಬಾಯಿಯ ಶುಚಿ, ಇವೂ ಮೂಲ ತತ್ತ್ವಗಳೇ. ಮಿದುಳಿಗೆ ಅಷ್ಟು ಪೆಟ್ಟು ಬಿದ್ದ ಮೇಲೆ ಸ್ನಾಯು ಬಿಗಿಯುವುದನ್ನು ಪೂರ್ತಿ ತಡೆಯಲಾಗದು ಎಂಬ ಸಮಾಧಾನ ಒಪ್ಪತಕ್ಕದ್ದೇ. ಇದಕ್ಕಿಂತ ಕಷ್ಟದ ಪ್ರಶ್ನೆ ಹೆಂಡರ್ಸನ್ ಹೇಳಿದ ನೆಮ್ಮದಿಯ ಸಾವಿನದು. ಅರುಣಾ ಪರವಾಗಿ ಮಾತಾಡುವ ಅಧಿಕಾರ ಕೆಇಎಂ ಸಿಬ್ಬಂದಿಯದು, ಅರ್ಜಿದಾರರದಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು. ಅದೇ ತೀರ್ಪು ನಿಷ್ಕ್ರಿಯ ದಯಾಮರಣಕ್ಕೆ ಹೈಕೋರ್ಟಿನ ಅನುಮತಿಯ ಮೂಲಕ ದಾರಿ ತೆರೆಯಿತು. ದಿನಕ್ಕೆ ಹತ್ತಾರು ಬಾರಿ ಮುಟ್ಟುವವರಿಗೆ ರೋಗಿಯ ಇಷ್ಟಾನಿಷ್ಟ ಹೆಚ್ಚು ಗೊತ್ತು ಎಂಬ ತರ್ಕಕ್ಕೆ ಬಲವಿದೆ; ನನಗೂ ಅದೇ ಸರಿಯೆನಿಸುತ್ತದೆ. ಆದರೂ ಆರೈಕೆ ಮಾಡುವವರ ಮಮತೆ ರೋಗಿಯ ದನಿಗೆ ಸಮ ಎಂದು ಭಾವಿಸುವುದು ಅಪಾಯ. ಮಾತು ನಿಲ್ಲುವ ಮುಂಚೆ ಬರೆದಿಡುವ ಇಚ್ಛಾಪತ್ರಕ್ಕೆ 2018ರಲ್ಲಿ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟ ಮೇಲೆ, ರೋಗಿಯ ಮನಸ್ಸನ್ನು ಕೇಳಿಟ್ಟುಕೊಳ್ಳುವುದೂ ಶುಶ್ರೂಷೆಯ ಭಾಗವೇ ಆಗಿದೆ.

ಅರುಣಾ ಒಬ್ಬ ಸಹೋದ್ಯೋಗಿ, ಅವರದು ಅಪವಾದ. ನೂರಾರು ರೋಗಿಗಳ ಸರ್ಕಾರಿ ವಾರ್ಡಿಗೆ ಅದನ್ನು ಅಳತೆಗೋಲು ಮಾಡುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಅಪವಾದ ನಿಜ, ಆದರೆ ಅಪವಾದವಾದದ್ದು ಯಾವುದರಲ್ಲಿ ಎಂದು ನೋಡಬೇಕು. ತಂತ್ರ ಬೇರೆಯಾಗಿರಲಿಲ್ಲ, ಔಷಧ ಬೇರೆಯಾಗಿರಲಿಲ್ಲ, ಬೇರೆಯಾಗಿದ್ದದ್ದು ಸಂಖ್ಯೆ. ಹೆಂಡರ್ಸನ್ ಪುಸ್ತಕದ ದೊಡ್ಡ ಕೊರತೆಯೂ ಇದೇ ಜಾಗದಲ್ಲಿದೆ. ಅದರ ಪುಟಗಳಲ್ಲಿ ಒಬ್ಬ ರೋಗಿ, ಒಬ್ಬ ನರ್ಸ್. ಐವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಇಬ್ಬರೇ ಇದ್ದರೆ ಹದಿನಾಲ್ಕರಲ್ಲಿ ಯಾವುದನ್ನು ಬಿಡಬೇಕು ಎಂದು ಅದು ಹೇಳುವುದಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಉಳಿದ ಕಡೆ ಐವರಿಗೆ ಒಬ್ಬರು. ಇದು ಯಾವ ಪಾಲಿಕೆ ಆಸ್ಪತ್ರೆಯಲ್ಲಿದೆ ಎಂದು ಒಮ್ಮೆ ಒಳಗೆ ಹೋಗಿ ಬಂದವರು ಹೇಳಲಿ. ಲಿಂಡಾ ಐಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದವರು 30 ದಿನದೊಳಗೆ ಸಾಯುವ ಸಾಧ್ಯತೆ ಶೇ 7ರಷ್ಟು ಏರುತ್ತದೆ.

ನಮ್ಮಲ್ಲಿ ಈ ಕೊರತೆ ಕಣ್ಣಿಗೆ ಬೀಳದಂತೆ ಮುಚ್ಚಿರುವುದು ರೋಗಿಯ ಸಂಬಂಧಿಕರು. ಉಣ್ಣಿಸುವುದು, ಬೆಡ್‌ಪ್ಯಾನ್ ಇಡುವುದು, ಸಲೈನ್ ಮುಗಿಯಿತೆಂದು ಓಡಿ ಹೇಳುವುದು, ಎಲ್ಲ ಅವರೇ. ಆ ಮುಸುಕು ಒಮ್ಮೆಲೇ ಸರಿದದ್ದು ಕೋವಿಡ್ ಕಾಲದಲ್ಲಿ. ನಗರದ ಉತ್ತರದ ತುದಿಯಾದ ದಹಿಸರ್‌ನಲ್ಲಿ, ಚೆಕ್‌ನಾಕಾದ ಬಳಿ, ಮುಂಬೈ ಮೆಟ್ರೋ ರೈಲ್ ಕಾರ್ಪೊರೇಷನ್ ಕಟ್ಟಿಕೊಟ್ಟ ಜಂಬೋ ಕೋವಿಡ್ ಕೇಂದ್ರ 2020ರ ಜುಲೈಯಲ್ಲಿ ಪಾಲಿಕೆಯ ಕೈಗೆ ಬಂತು. ಮಂಚ, ಆಮ್ಲಜನಕದ ಕೊಳವೆ, ಡೇರೆ ಎಲ್ಲವೂ ವಾರಗಳಲ್ಲಿ ಎದ್ದವು. ಸಂಬಂಧಿಕರಿಗೆ ಪ್ರವೇಶವಿಲ್ಲ. ಆಗ ತಿಳಿಯಿತು, ಹಾಸಿಗೆ ಎಂದರೆ ಮಂಚವಲ್ಲ, ಅದರ ಪಕ್ಕ ನಿಲ್ಲುವ ಮನುಷ್ಯ ಎಂದು. ದಹಿಸರ್ ಮತ್ತು ವರ್ಲಿ ಕೇಂದ್ರಗಳಿಗೆ ಸಿಬ್ಬಂದಿ ಒದಗಿಸುವ ಗುತ್ತಿಗೆ ಪಡೆದವರು ಒಪ್ಪಿದ್ದಕ್ಕಿಂತ ಕಡಿಮೆ ಜನರನ್ನು ನಿಯೋಜಿಸಿ ಹಣ ಪಡೆದರು ಎಂದು ಜಾರಿ ನಿರ್ದೇಶನಾಲಯ ಮುಂದೆ ಆರೋಪಿಸಿತು. 2023ರಲ್ಲಿ ಬಂಧನಗಳೂ ಆದವು. ಸತ್ಯಾಸತ್ಯವನ್ನು ನ್ಯಾಯಾಲಯ ತೀರ್ಮಾನಿಸಲಿ. ಆರೋಪದ ಸ್ವರೂಪವೇ ಒಂದು ಮಾತು ಹೇಳುತ್ತದೆ: ಮಂಚ ಮಾಯವಾದರೆ ಯಾರಿಗಾದರೂ ಕಾಣುತ್ತದೆ, ಪಾಳಿಗೆ ಬರಬೇಕಾದವರು ಬಾರದಿದ್ದರೆ ತಿಳಿಯುವುದು ಹಾಜರಿ ಪುಸ್ತಕ ಬಿಚ್ಚಿದಾಗ.

ಡೇರೆಗಳು ಹೋದವು, ಸಮಸ್ಯೆ ಮನೆಗೆ ಬಂತು. ದಹಿಸರ್‌ನ ಚಾಳಿನ ಕೋಣೆಯಲ್ಲೋ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲೋ ಇರುವ ಕನ್ನಡ ಕುಟುಂಬಕ್ಕೆ, ಊರಿನ ಹಾಗೆ ಕರೆದರೆ ಬರುವ ಚಿಕ್ಕಮ್ಮ ಅತ್ತಿಗೆಯರಿಲ್ಲ. ಲಕ್ವ ಹೊಡೆದ ಹಿರಿಯರು ಬೊರಿವಲಿ, ಕಾಂದಿವಲಿಯ ಆಸ್ಪತ್ರೆಯಿಂದ ಮೂಗಿಗೆ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್ ಸಮೇತ ಡಿಸ್ಚಾರ್ಜ್ ಆಗಿ ಬಂದರೆ ಮಗ, ಸೊಸೆ ಇಬ್ಬರಿಗೂ ಮರುದಿನ ಲೋಕಲ್ ಹಿಡಿಯಬೇಕು. ಆರೈಕೆಗೆ ಜನ ಕಳಿಸುವ ಬ್ಯೂರೋದಿಂದ ಹನ್ನೆರಡು ಗಂಟೆಯ ಪಾಳಿಗೆ ಆಯಾಬಾಯಿ ಬರುತ್ತಾಳೆ. ಮನೆಯವರು ಅವಳನ್ನು ಸಿಸ್ಟರ್ ಎನ್ನುತ್ತಾರೆ, ಬ್ಯೂರೋದವರೂ ಹಾಗೇ ಹೇಳಿ ಕಳಿಸಿರುತ್ತಾರೆ. ನಿಜವಾದ ಸಿಸ್ಟರುಗಳು ಜಿಎನ್‌ಎಂ ಆದರೆ ಮೂರು ವರ್ಷ, ಎಎನ್‌ಎಂ ಆದರೆ ಎರಡು ವರ್ಷ ಓದಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿಕೊಂಡವರು. ಬಂದವಳು ಯಾರು ಎಂದು ಕೇಳುವವರು ಕಡಿಮೆ. ತಪ್ಪು ಅವಳದಲ್ಲ. ಟ್ಯೂಬ್ ಹೊಟ್ಟೆಯಲ್ಲೇ ಇದೆಯೇ ಎಂದು ನೋಡದೆ, ತಲೆಯ ಕಡೆ ಎತ್ತರಿಸದೆ ಹಾಲು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಮೂತ್ರದ ಚೀಲವನ್ನು ಹಾಸಿಗೆಯ ಮೇಲಿಟ್ಟರೆ ಮೂತ್ರ ಹಿಂದಕ್ಕೆ ಹರಿಯಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ತಲೆತಲಾಂತರದಿಂದ ಮನೆಯ ಹೆಂಗಸರೇ ಮುದುಕರನ್ನು ನೋಡಿಕೊಂಡಿಲ್ಲವೇ, ಇದಕ್ಕೆಲ್ಲ ಡಿಪ್ಲೊಮಾ ಬೇಕೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ನೋಡಿಕೊಂಡರು, ಚೆನ್ನಾಗಿಯೇ ನೋಡಿಕೊಂಡರು. ಆದರೆ ಆಗ ಮೂಗಿನಲ್ಲಿ ಟ್ಯೂಬ್ ಹಾಕಿಕೊಂಡು ವರ್ಷಗಟ್ಟಲೆ ಬದುಕುವ ರೋಗಿ ಇರಲಿಲ್ಲ. ಪ್ರತಿ ಮಗ್ಗುಲಿಗೂ ಪದವೀಧರೆ ಬೇಕೆಂದು ಹೆಂಡರ್ಸನ್ ಕೂಡ ಹೇಳಲಿಲ್ಲ. ಮನೆಯವರಿಗೆ ಕಲಿಸಿ ತಾನು ಹಿಂದೆ ಸರಿಯುವುದೇ ಒಳ್ಳೆಯ ನರ್ಸಿನ ಗುರಿ. ಕೈ ಯಾರದಾದರೂ ಆಗಬಹುದು, ಏನು ಮಾಡಬೇಕು ಎಂಬ ತೀರ್ಮಾನ ಮತ್ತು ಕಲಿಸುವ ಹೊಣೆ ಕಲಿತವರದಾಗಿರಬೇಕು. ಬಡ ದೇಶಕ್ಕೆ ಇದು ದುಬಾರಿ ಎನ್ನುವವರು ಎಲುಬು ಮುಟ್ಟಿದ ಬೆಡ್‌ಸೋರಿಗೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದ ಖರ್ಚನ್ನು ಒಮ್ಮೆ ಲೆಕ್ಕ ಹಾಕಲಿ. ಅದರ ಮುಂದೆ ಎರಡು ದಿಂಬು ಮತ್ತು ಅರ್ಧ ಗಂಟೆಯ ಪಾಠ ಏನೂ ಅಲ್ಲ.

ಆ ಅರ್ಧ ಗಂಟೆಯನ್ನು ವಾರ್ಡಿನ ಸಿಸ್ಟರ ಡ್ಯೂಟಿಯ ಲೆಕ್ಕಕ್ಕೆ ಪಾಲಿಕೆ ಸೇರಿಸಬೇಕು, ಅದಕ್ಕೆ ಬೇಕಾದಷ್ಟು ಜನರನ್ನು ನೇಮಿಸಬೇಕು. ಅಲ್ಲಿಯವರೆಗೆ ದಹಿಸರ್‌ನ ಓದುಗರೇ, ನಿಮ್ಮವರ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವ ಮುಂಚೆ ಟ್ಯೂಬಿನಲ್ಲಿ ಊಟ ಕೊಡುವುದನ್ನೂ ಮಗ್ಗುಲು ಬದಲಿಸುವುದನ್ನೂ ನಿಮ್ಮ ಕೈಯಿಂದಲೇ ಮಾಡಿಸಿ ತೋರಿಸುವಂತೆ ಕೇಳಿ. ಬ್ಯೂರೋದವರಿಗೆ ಫೋನ್ ಮಾಡಿದಾಗ ದಿನದ ದರಕ್ಕಿಂತ ಮೊದಲು ನೋಂದಣಿ ಸಂಖ್ಯೆ ಕೇಳಿ.