ವಾದಿಸುವ ವಿಶ್ವಾಸ: ಪಂಡಿತಾ ರಮಾಬಾಯಿಯವರ ಸಾಕ್ಷಿಯೂ ಪತ್ರಗಳೂ

ಪಂಡಿತಾ ರಮಾಬಾಯಿಯವರು (1858–1922) ತಮ್ಮ ವಿಶ್ವಾಸದ ಕಥೆಯನ್ನು 1907ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ‘ನಮ್ಮ ಅಕ್ಷಯ ನಿಧಿಯನ್ನು ಕುರಿತ ಸಾಕ್ಷಿ’ ಎಂಬರ್ಥದ ಹೆಸರುಳ್ಳ ಕಿರುಹೊತ್ತಗೆ ಅದು. ಸಭೆಯ ಕೂಟಗಳಲ್ಲಿ, ಸ್ತ್ರೀಯರ ಸಂಘಗಳಲ್ಲಿ, ಪ್ರಸಂಗಗಳ ನಡುವಿನ ದೃಷ್ಟಾಂತಗಳಲ್ಲಿ ನಮಗೆ ಎದುರಾಗುವ ರಮಾಬಾಯಿ ಬಹುಮಟ್ಟಿಗೆ ಈ ಹೊತ್ತಗೆಯ ರಮಾಬಾಯಿಯೇ. 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಬೆಳಕು ಕಂಡ ಪತ್ರಸಂಪುಟದ ರಮಾಬಾಯಿಯನ್ನು ಬಲ್ಲವರು ಕಡಿಮೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಂದು ಸಂಗತಿ ಕೂಡಲೇ ಹೊಳೆಯುತ್ತದೆ: ಪತ್ರಗಳಲ್ಲಿ ಧ್ವನಿಯೆತ್ತಿ ವಾದಿಸಿದ್ದನ್ನು ಸಾಕ್ಷಿಯು ಬಹುಪಾಲು ಮೌನವಾಗಿ ದಾಟಿಹೋಗುತ್ತದೆ. ಪತ್ರಗಳನ್ನು ಬಿಟ್ಟು ಸಾಕ್ಷಿಯೊಂದನ್ನೇ ಓದಿಸುವ ನಮ್ಮ ರೂಢಿಯಿಂದ ಕ್ರೈಸ್ತ ಸ್ವಾತಂತ್ರ್ಯವೆಂದರೇನು ಎಂಬ ಪ್ರಶ್ನೆಯೇ ಮಸುಕಾಗಿದೆ ಎಂಬುದು ಈ ಲೇಖನದ ವಾದ.

ರಮಾಬಾಯಿಯವರ ಜನನ ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಹೆಂಗಸಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಅನಂತಶಾಸ್ತ್ರಿಗಳು ಉಡುಪಿಯಲ್ಲಿ ಮಾಧ್ವ ಗುರುಗಳ ಹಾಗೂ ಪಂಡಿತರ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಆಧಾರಗಳನ್ನು ಎತ್ತಿ ಕೊಟ್ಟು, ಸ್ತ್ರೀಯರು ಸಂಸ್ಕೃತದ ಪುರಾಣಸಾಹಿತ್ಯವನ್ನು ಓದುವುದು ತಪ್ಪಲ್ಲವೆಂದು ಸ್ಥಾಪಿಸಿ ಬಂದರು. ಸಾಕ್ಷಿಯ ಓದುಗರು ಇದನ್ನು ಪೀಠಿಕೆಯೆಂದು ಭಾವಿಸಿ ಮುಂದೆ ಸಾಗುವುದೇ ಹೆಚ್ಚು. ನನಗೆ ಇಡೀ ಪುಸ್ತಕದ ಕೀಲಿಕೈ ಇಲ್ಲಿಯೇ ಇದೆ ಎನಿಸುತ್ತದೆ. ಆ ತಂದೆ ಸಂಪ್ರದಾಯದ ಹೊರಗೆ ಹಾರಲಿಲ್ಲ, ಅದರ ಮುಂದೆ ತಲೆಬಾಗಲೂ ಇಲ್ಲ. ಗ್ರಂಥವನ್ನು ಕೈಯಲ್ಲಿ ಹಿಡಿದು, ಗ್ರಂಥದ ಒಡೆಯರೆಂದುಕೊಂಡವರೊಡನೆ ವಾದಿಸಿದರು. ಮಗಳಿಗೆ ಬಂದ ಪಿತ್ರಾರ್ಜಿತ ಇದು. ಬೇರೆ ಆಸ್ತಿಯೇನೂ ಉಳಿದಿರಲಿಲ್ಲ. 1874ರ ಕ್ಷಾಮಕಾಲದಲ್ಲಿ ತಂದೆ, ತಾಯಿ, ಅಕ್ಕ ಕೆಲವೇ ತಿಂಗಳುಗಳ ಅಂತರದಲ್ಲಿ ತೀರಿಕೊಂಡರು.

ಅಣ್ಣ ಶ್ರೀನಿವಾಸನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ತಲಪಿದ ತರುಣಿಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಅಲ್ಲಿಯೇ ಅವರು ಮೊದಲ ಬಾರಿಗೆ ಕ್ರೈಸ್ತರ ಕೂಟವೊಂದನ್ನು ಕಂಡದ್ದು. ಎಲ್ಲರೂ ಕುರ್ಚಿಗಳ ಮುಂದೆ ಮೊಣಕಾಲೂರಿದಾಗ ಇವರು ಕುರ್ಚಿಗಳನ್ನು ಪೂಜಿಸುತ್ತಿದ್ದಾರೆಂದೇ ಅಣ್ಣತಂಗಿಯರು ತಿಳಿದರಂತೆ. (ನಮ್ಮ ಆರಾಧನಾ ಪದ್ಧತಿ ಹೊರಗಿನವರ ಕಣ್ಣಿಗೆ ಹೇಗೆ ತೋರುತ್ತದೆಂದು ತಿಳಿಯಬಯಸುವವರು ಈ ಪುಟವನ್ನು ಓದಬೇಕು.) ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದೆಂದರು. ಧರ್ಮಶಾಸ್ತ್ರಗಳನ್ನು ಓದತೊಡಗಿದಂತೆ, ಬೇರೆಲ್ಲ ವಿಷಯಗಳಲ್ಲಿ ಒಂದಕ್ಕೊಂದು ಭಿನ್ನವಾದ ಆ ಗ್ರಂಥಗಳು ಸ್ತ್ರೀಯ ಹೀನತೆಯ ವಿಷಯದಲ್ಲಿ ಮಾತ್ರ ಏಕಮತವಾಗಿವೆ ಎಂಬುದು ಅವರಿಗೆ ಕಂಡಿತು. ಗ್ರಂಥವನ್ನು ಓದುವ ಹಕ್ಕಿಗಾಗಿ ತಂದೆ ವಾದಿಸಿದ್ದರು. ಓದಿದ ಮಗಳಿಗೆ ಗ್ರಂಥದೊಡನೆಯೇ ವಾದ ಹುಟ್ಟಿತು.

ಅಣ್ಣನ ಮರಣ, ಜಾತಿಯನ್ನು ಮೀರಿದ ವಿವಾಹ, ಮಗಳು ಮನೋರಮೆಯ ಜನನ, ಎರಡು ವರ್ಷ ತುಂಬುವ ಮೊದಲೇ ವೈಧವ್ಯ – ಇವೆಲ್ಲ 1880ರಿಂದ 1882ರೊಳಗೆ ನಡೆದುಹೋದವು. ಪತಿಯ ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ ಸಿಕ್ಕಿತ್ತು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬಲ್ಲಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ನಿಂತರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಸಮಾಜವು ‘ಪತಿತೆ’ಯರೆಂದು ತಳ್ಳಿದ ಹೆಂಗಸರನ್ನು ಭಗಿನಿಯರು ಉಪಚರಿಸುವುದನ್ನು ಕಂಡು, ಇವರಿಗೆ ಹೀಗೆ ಮಾಡಲು ಕಾರಣವೇನೆಂದು ಕೇಳಿದರು. ಉತ್ತರವಾಗಿ ಒಬ್ಬ ಭಗಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು, ಸಮಾರ್ಯದ ಸ್ತ್ರೀಯ ಕಥೆಯನ್ನು, ಓದಿ ಹೇಳಿದರು. ಆ ವರ್ಷದ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ನಮ್ಮ ಪ್ರಸಂಗಗಳು ಇಲ್ಲಿ ಒಂದು ಘಟ್ಟವನ್ನು ಮುಗಿಸಿ, ನೇರವಾಗಿ ಕೇಡ್ಗಾಂವಿನ ಮುಕ್ತಿ ಆಶ್ರಮಕ್ಕೆ ಜಿಗಿಯುತ್ತವೆ. ನಡುವಿನ ವರ್ಷಗಳಲ್ಲಿ ಏನು ನಡೆಯಿತೆಂದು ಹೇಳುವುದು ಪತ್ರಗಳು.

ಈ ಪತ್ರಗಳಲ್ಲಿ ಮುಖ್ಯವಾದವು ರಮಾಬಾಯಿಯವರಿಗೂ ಅವರ ಆತ್ಮಿಕ ತಾಯಿಯಾಗಿದ್ದ ಭಗಿನಿ ಜೆರಾಲ್ಡಿನ್‌ಗೂ ನಡುವೆ ನಡೆದವು. ರಮಾಬಾಯಿ ಆಕೆಯನ್ನು ‘ಆಜೀಬಾಯಿ’ ಎಂದು, ಎಂದರೆ ಅಜ್ಜಿ ಎಂದು, ಕರೆಯುತ್ತಾರೆ. ಈ ಸಂಬೋಧನೆಯನ್ನು ಮರೆತು ಪತ್ರಗಳನ್ನು ಓದಬಾರದು. ಇದು ಶತ್ರುಗಳ ಜಗಳವಲ್ಲ. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದಾಗ ಪುರುಷ ವಿದ್ಯಾರ್ಥಿಗಳಿಗೂ ಪಾಠ ಹೇಳುವ ಪ್ರಸ್ತಾಪ ಬಂದಿತು. ಮಠದವರು ಹಿಂದೂಸ್ಥಾನದಲ್ಲಿದ್ದ ಬಿಷಪರ ಅಭಿಪ್ರಾಯ ಕೇಳಿದರು. ಮುಂಬಯಿಯ ಹಾಗೂ ಲಾಹೋರಿನ ಬಿಷಪರು ಇಬ್ಬರೂ ಬೇಡವೆಂದರು. ಆಕೆ ಸ್ವದೇಶಕ್ಕೆ ಮರಳಿದಾಗ ಅಲ್ಲಿನ ಜನ ಏನೆಂದುಕೊಂಡಾರು ಎಂಬುದು ಅವರ ಆತಂಕ. ಹಿಂದೂಸ್ಥಾನದ ತುಂಬ ಗಂಡಸರ ಸಭೆಗಳಲ್ಲಿ ನಿಂತು ಪುರಾಣ ಹೇಳಿದ, ವ್ಯಾಖ್ಯಾನ ಮಾಡಿದ ಹೆಂಗಸಿಗೆ ಈ ಮಾತು ಹೇಗೆ ಕೇಳಿಸಿರಬೇಕು! ನನ್ನ ಜನರ ಮನಸ್ಸು ನನಗಿಂತ ಹೆಚ್ಚಾಗಿ ನಿಮಗೆ ತಿಳಿದಿದೆಯೇ, ನನ್ನ ವಿಷಯದ ನಿರ್ಣಯವನ್ನು ನನ್ನನ್ನು ಬಿಟ್ಟು ಮಾಡುವುದೇಕೆ ಎಂಬುದು ಅವರ ಉತ್ತರದ ಸಾರ.

ಇನ್ನೊಂದು ಪ್ರಸಂಗ ಶಿಲುಬೆಯದು. ಧರಿಸಬೇಕಾದ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವೇಕಾಗದು ಎಂದು ಅವರು ಕೇಳುತ್ತಾರೆ. ದೇವರಿಗೆ ಲ್ಯಾಟಿನ್ ಸಂಸ್ಕೃತಕ್ಕಿಂತ ಹೆಚ್ಚು ಪವಿತ್ರವೇ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ನಮ್ಮ ಪ್ರಾಂತ್ಯದ ಸಭೆಗಳು ಬಾಸೆಲ್ ಮಿಶನ್ನಿನ ಕಾಲದಿಂದ ಇಂದಿನವರೆಗೆ ರಾಗ, ಉಡುಪು, ದೇವಾಲಯದ ಕಟ್ಟಡ, ಪದಪ್ರಯೋಗ ಎಂದು ಕೇಳುತ್ತ ಬಂದದ್ದೂ ಇದೇ ಪ್ರಶ್ನೆಯನ್ನಲ್ಲವೇ? ಊಟದ ಮೇಜಿನ ಮೇಲೂ ಈ ವಾದ ನಡೆಯಿತು. ರಮಾಬಾಯಿಯವರು ತಮ್ಮ ಶಾಕಾಹಾರವನ್ನು ಬಿಡಲಿಲ್ಲ. ಭಗಿನಿಯರ ಕಣ್ಣಿಗೆ ಅದು ಹಳೆಯ ಜಾತಿಯ ಅಭಿಮಾನದ ಉಳಿಕೆ. ಈ ಸಂದೇಹ ಸಂಪೂರ್ಣ ನಿರಾಧಾರವೆಂದು ನಾನು ಹೇಳಲಾರೆ. ದಲಿತ ಹಿನ್ನೆಲೆಯ ಓದುಗರು ಇಲ್ಲಿ ಭಗಿನಿಯರ ಪಕ್ಷ ವಹಿಸಿದರೆ ಅವರಿಗೆ ಕಾರಣವುಂಟು. ಒಬ್ಬರ ಸ್ವಾತಂತ್ರ್ಯದೊಳಗೆ ಇನ್ನೊಬ್ಬರನ್ನು ದೂರವಿಟ್ಟ ಅಭ್ಯಾಸವೂ ಅಡಗಿರಬಹುದು.

ಮೂರನೆಯ ವಿಷಯ ಎಲ್ಲಕ್ಕಿಂತ ಗಂಭೀರ. ತ್ರಯೈಕತ್ವದ ಉಪದೇಶವನ್ನೂ ಅಥನೇಸಿಯನ್ ವಿಶ್ವಾಸಪ್ರಮಾಣವನ್ನೂ ಸಭೆ ಹೇಳುತ್ತದೆ ಎಂಬ ಒಂದೇ ಕಾರಣಕ್ಕೆ ಒಪ್ಪಲು ರಮಾಬಾಯಿ ಸಿದ್ಧರಿರಲಿಲ್ಲ. ಗ್ರಂಥದಲ್ಲಿ ತೋರಿಸಿ ಎಂದರು. ಜೆರಾಲ್ಡಿನ್ ದೃಷ್ಟಿಯಲ್ಲಿ ಇದು ಅಹಂಕಾರ. ದೀಕ್ಷಾಸ್ನಾನ ಪಡೆದವಳು ಸಭೆಯ ಬೋಧನೆಗೆ ಮೊದಲು ಅಧೀನಳಾಗಬೇಕು, ಅರಿವು ಆಮೇಲೆ ಬರುತ್ತದೆ. ಪುರೋಹಿತರ ನೊಗದಿಂದ ಬಹಳ ಕಷ್ಟಪಟ್ಟು ಬಿಡಿಸಿಕೊಂಡು ಬಂದಿದ್ದೇನೆ, ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂಬ ಧಾಟಿಯಲ್ಲಿ ರಮಾಬಾಯಿ ಉತ್ತರಿಸುತ್ತಾರೆ. ದೇವರ ವಾಕ್ಯಕ್ಕೆ ವಿಧೇಯಳಾಗುವುದು ಬೇರೆ, ದೇವರ ಹೆಸರಿನಲ್ಲಿ ಮಾತಾಡುವವರಿಗೆ ವಿಧೇಯಳಾಗುವುದು ಬೇರೆ ಎಂಬ ಭೇದವನ್ನು ಅವರು ಬಿಟ್ಟುಕೊಡಲಿಲ್ಲ. ಉಡುಪಿಯ ಪಂಡಿತರ ಮುಂದೆ ನಿಂತ ತಂದೆಯ ಧ್ವನಿ ವಾಂಟೇಜಿನಲ್ಲಿ ಮತ್ತೆ ಕೇಳಿಬರುತ್ತದೆ, ಇನ್ನೊಂದು ಗ್ರಂಥವನ್ನು ಹಿಡಿದುಕೊಂಡು.

ಉಪದೇಶದ ವಿಷಯದಲ್ಲಿ ಜೆರಾಲ್ಡಿನ್ ಹೇಳಿದ್ದು ತಪ್ಪಲ್ಲ, ರಮಾಬಾಯಿಯವರೂ ಮುಂದೆ ಕ್ರಿಸ್ತನ ದೈವತ್ವವನ್ನು ಸಂಪೂರ್ಣವಾಗಿ ಅರಿಕೆಮಾಡಿದರು, ಹಾಗಾದರೆ ಆ ಜಗಳದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಪ್ರಯೋಜನ ಇಷ್ಟು: ಅವರು ಬಂದು ಸೇರಿದ ವಿಶ್ವಾಸ ಅವರ ಸ್ವಂತದ್ದಾಯಿತು. ಅಧೀನತೆಯಿಂದ ಬಾಯಿಪಾಠವಾದ ಉಪದೇಶವು ಒಂದು ಕ್ಷಾಮವನ್ನು ಎದುರಿಸಿ ನಿಲ್ಲುವುದೆಂಬ ನಂಬಿಕೆ ನನಗಿಲ್ಲ. ಸೇವಾದೀಕ್ಷೆಗೆ ಅಭ್ಯರ್ಥಿಗಳನ್ನು ಆರಿಸುವಾಗ ನಾವು ಪ್ರಶ್ನೆ ಕೇಳುವವನನ್ನು ‘ವಿಧೇಯತೆ ಸಾಲದು’ ಎಂದು ಬರೆದು ಬದಿಗಿರಿಸುವುದುಂಟು. ಜೆರಾಲ್ಡಿನ್ ಬರೆದ ಷರಾವೂ ಅದೇ. ಆಕೆ ಕೆಟ್ಟವಳಲ್ಲ, ರಮಾಬಾಯಿಯನ್ನು ನಿಜವಾಗಿ ಪ್ರೀತಿಸಿದವಳು. ಆ ಪತ್ರಗಳನ್ನು ಜೋಪಾನವಾಗಿ ಕೂಡಿಟ್ಟವಳೂ ಆಕೆಯೇ. ಅದಕ್ಕಾಗಿಯೇ ಈ ಪ್ರಸಂಗ ನಮ್ಮನ್ನು ಹೆಚ್ಚು ತಟ್ಟಬೇಕು.

ಈಗ ಸಾಕ್ಷಿಗೆ ಹಿಂದಿರುಗೋಣ. 1907ರಲ್ಲಿ ಬರೆಯುವಾಗ ರಮಾಬಾಯಿಯವರು ತಮ್ಮ ಜೀವನದ ತಿರುವನ್ನು ದೀಕ್ಷಾಸ್ನಾನದಲ್ಲಿ ಇರಿಸುವುದಿಲ್ಲ. ಅದಾಗಿ ಎಂಟು ವರ್ಷಗಳ ನಂತರ, ತಾನು ಕ್ರೈಸ್ತಮತವನ್ನು ಕಂಡುಕೊಂಡಿದ್ದೆನೇ ಹೊರತು ಕ್ರಿಸ್ತನನ್ನಲ್ಲ ಎಂದು ಅರಿವಾಯಿತೆನ್ನುತ್ತಾರೆ. ಇದಕ್ಕೆ ನಿಮಿತ್ತವಾದ ಪುಸ್ತಕಗಳಲ್ಲಿ ಒಂದು ವಿಲಿಯಂ ಹಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆ. ತಾನೇ ಮಾಡುತ್ತಿದ್ದ ಪ್ರಸಂಗದಿಂದ ಪ್ರಸಂಗಪೀಠದ ಮೇಲೆಯೇ ಪರಿವರ್ತನೆ ಹೊಂದಿದ ಈತನ ಕಥೆ ಪ್ರಸಂಗ ಮಾಡುವ ನಮಗೆಲ್ಲ ಸ್ವಲ್ಪ ಮುಜುಗರದ್ದು. ಈ ದೃಷ್ಟಿಯಿಂದ ಹಿಂದೆ ನೋಡಿದಾಗ ಇಂಗ್ಲೆಂಡಿನ ವಾದಗಳೆಲ್ಲ ‘ಇನ್ನೂ ಕಾಣದ’ ಕಾಲದ ತೊಳಲಾಟವಾಗಿ ಕುಗ್ಗುತ್ತವೆ. ಸಾಕ್ಷಿಯೆಂಬ ಪ್ರಕಾರದ ಗುಣವೂ ದೋಷವೂ ಇದೇ: ಕೊನೆಯಲ್ಲಿ ದೊರೆತ ಬೆಳಕಿನಲ್ಲಿ ದಾರಿಯ ಕಲ್ಲುಗಳು ಸಪಾಟಾಗಿ ಕಾಣುತ್ತವೆ.

ಇದಕ್ಕೆ ವಿರುದ್ಧ ದಿಕ್ಕಿನ ಓದೂ ಇದೆ. ಗೌರಿ ವಿಶ್ವನಾಥನ್ ಅಂಥ ವಿದ್ವಾಂಸರು ಮತಾಂತರವನ್ನು ಪ್ರತಿಭಟನೆಯ ಕ್ರಿಯೆಯೆಂದು ಓದಿ, ರಮಾಬಾಯಿಯವರ ಭಿನ್ನಮತವನ್ನು ಮುನ್ನೆಲೆಗೆ ತಂದರು. ಈ ಓದಿನಿಂದ ಸಭೆ ಕಲಿಯಬೇಕಾದ್ದು ಬಹಳ. ಆದರೆ ಭಿನ್ನಮತವೊಂದನ್ನೇ ಹಿಡಿದರೆ 1891ರ ಅನುಭವವನ್ನು, 1905ರಲ್ಲಿ ಮುಕ್ತಿಯಲ್ಲಿ ಹುಡುಗಿಯರ ನಡುವೆ ಹೊತ್ತಿಕೊಂಡ ಉಜ್ಜೀವನವನ್ನು ಎಲ್ಲಿಡುವುದು? ಬಂಡಾಯಗಾರ್ತಿ ಕೊನೆಗೆ ಭಕ್ತೆಯಾಗಿ ಸೋತಳೆಂದು ಹೇಳಬೇಕಾಗುತ್ತದೆ. ನನಗೆ ಕಾಣುವಂತೆ ವಾದವೂ ಶರಣಾಗತಿಯೂ ಒಂದೇ ಮನಸ್ಸಿನವು. ಗುರುಗಳಿಗೆ ಶರಣಾಗಲು ನಿರಾಕರಿಸಿದ್ದರಿಂದಲೇ ಕ್ರಿಸ್ತನಿಗೆ ಶರಣಾಗಲು ಅವರ ಬಳಿ ಏನಾದರೂ ಉಳಿದಿತ್ತು.

ತಮ್ಮನ್ನು ತಾವು ಕಂಡುಕೊಳ್ಳುವುದೆಂದರೆ ಒಳಮುಖವಾಗಿ ಇಳಿಯುವುದು ಎಂಬ ಇಂದಿನ ಜನಪ್ರಿಯ ಕಲ್ಪನೆಗೆ ಈ ಜೀವನದಲ್ಲಿ ಪುಷ್ಟಿ ಸಿಗುವುದಿಲ್ಲ. ತಾವು ಯಾರೆಂಬುದು ರಮಾಬಾಯಿಯವರಿಗೆ ತಿಳಿದದ್ದು ಮೊದಲು ವಾದದಲ್ಲಿ, ಆಮೇಲೆ ಹಸಿದವರ ಮುಖದಲ್ಲಿ. 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಹೋಯಿತು. ಅಲ್ಲಿ ಬಾಲವಿಧವೆಯರಿಗೆ ಮತಬೋಧನೆ ಇರಲಿಲ್ಲ; ಆದರೆ ತಮ್ಮ ಸ್ವಂತ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಬಾಗಿಲು ಮುಚ್ಚಲಿಲ್ಲ. ತೆರೆದ ಬಾಗಿಲಿನಿಂದ ಕೆಲವು ಹುಡುಗಿಯರು ಒಳಗೆ ಬಂದು ಕುಳಿತರು. ಅದೇ ದೊಡ್ಡ ಗದ್ದಲವಾಗಿ 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾ ಸಮಿತಿಯನ್ನು ಬಿಟ್ಟರು. ಒಂದೆಡೆ ಹಿಂದೂ ಸಮಾಜಕ್ಕೆ ಆಕೆ ತೀರ ಕ್ರೈಸ್ತಳು, ಇನ್ನೊಂದೆಡೆ ಸಾಲದಷ್ಟು ಕ್ರೈಸ್ತಳಲ್ಲವೆಂದು ಆಂಗ್ಲಿಕನ್ನರ ದೂರು. ಎರಡು ಕಡೆಯೂ ಪೂರ್ತಿ ಸೇರದ ಆ ಜಾಗದಲ್ಲಿಯೇ ಅವರ ಕೆಲಸ ಬೆಳೆಯಿತು. 1896ರ ಬಳಿಕ ಮಧ್ಯಪ್ರಾಂತಗಳಲ್ಲಿ ಬರ ಬಿದ್ದಾಗ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕೇಡ್ಗಾಂವಿಗೆ ಕರೆತಂದರು. ಹಸಿವಿನಿಂದ ತಾಯಿತಂದೆ ಸಾಯುವುದನ್ನು ಕಂಡಿದ್ದವರಿಗೆ ಆ ಮಕ್ಕಳು ಅಪರಿಚಿತರಾಗಿರಲಿಲ್ಲ. ನೆಲೆಯ ಹೆಸರು ಮುಕ್ತಿ. ಮೋಕ್ಷವೆಂದೂ ಬಿಡುಗಡೆಯೆಂದೂ ಎರಡರ್ಥ ಕೊಡುವ ಪದವನ್ನು ಅವರು ತಿಳಿದೇ ಆರಿಸಿಕೊಂಡಿರಬೇಕು.

ಇಲ್ಲಿ ವಿಮರ್ಶಕನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಜೆರಾಲ್ಡಿನ್ ಮುಂದೆ ರಮಾಬಾಯಿ ಕೇಳಿದ ಸ್ವಾತಂತ್ರ್ಯ ಮುಕ್ತಿಯ ಹುಡುಗಿಯರಿಗೆ ರಮಾಬಾಯಿಯವರ ಮುಂದೆ ಇತ್ತೇ? ಅನ್ನ, ಆಶ್ರಯ, ಅಕ್ಷರ, ಕಸುಬು ಎಲ್ಲವನ್ನೂ ಒಬ್ಬರ ಕೈಯಿಂದ ಪಡೆದವಳು ಆ ಕೈಯ ವಿಶ್ವಾಸವನ್ನು ಬೇಡವೆನ್ನುವುದು ಎಷ್ಟು ಸುಲಭ? ಸಾಕ್ಷಿಯಲ್ಲಿ ಈ ಹುಡುಗಿಯರು ಸಂಖ್ಯೆಯಾಗಿ, ಕೃಪೆಯ ಗುರುತಾಗಿ ಬರುತ್ತಾರೆ. ತಮ್ಮ ‘ಆಜೀಬಾಯಿ’ಗೆ ಎದುರು ಮಾತಾಡಿ ಪತ್ರ ಬರೆದವರಾಗಿ ಬರುವುದಿಲ್ಲ. ಮಿಶನ್ ವಸತಿಶಾಲೆಗಳ ಮಕ್ಕಳಾಗಿ ಬೆಳೆದ ನಮ್ಮ ಸಭೆಗಳಿಗೆ ಈ ಪ್ರಶ್ನೆ ದೂರದ್ದಲ್ಲ.

ಆದರೂ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿ ಇಡಬೇಕು. ತಮ್ಮ ಕೊನೆಯ ವರ್ಷಗಳನ್ನು ರಮಾಬಾಯಿಯವರು ಹೀಬ್ರೂ, ಗ್ರೀಕ್ ಕಲಿತು ಸತ್ಯವೇದವನ್ನು ಮರಾಠಿಗೆ ತರುವುದಕ್ಕೆ ಕೊಟ್ಟರು. 1921ರಲ್ಲಿ ಮಗಳನ್ನು ಕಳೆದುಕೊಂಡ ಮೇಲೂ ಬಿಡದೆ, ಮರುವರ್ಷ ಸಾಯುವ ಮುನ್ನ ಮುಗಿಸಿದರು. ಪಂಡಿತೆಯೆಂಬ ಬಿರುದು ಪಡೆದವರು ಪಾಂಡಿತ್ಯದ ಸಂಸ್ಕೃತವನ್ನು ಬದಿಗಿಟ್ಟು, ಹಳ್ಳಿಯ ಹೆಂಗಸಿಗೆ ತಿಳಿಯುವ ಮಾತುಗಳನ್ನು ಹುಡುಕಿದರು. ಶೈಲಿಯ ದೃಷ್ಟಿಯಿಂದ ಆ ಅನುವಾದ ಒರಟು, ಸಭೆಗಳಲ್ಲಿ ಅದು ನೆಲೆಗೊಳ್ಳಲೂ ಇಲ್ಲ. ಆದರೆ ಮುಕ್ತಿಯ ಮುದ್ರಣಾಲಯದಲ್ಲಿ ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಆಶ್ರಮದ ಹೆಂಗಸರೇ. ಗ್ರಂಥದಲ್ಲಿ ತೋರಿಸಿ ಎಂದು ಕೇಳಲು ಬೇಕಾದ ಗ್ರಂಥ, ಅಕ್ಷರ ಅಕ್ಷರವಾಗಿ, ಅವರ ಕೈ ದಾಟಿ ಬಂದಿತು.