ಲಕೋಟೆಯೇನೋ ಸರಿ, ಅಂಟಿಸುವುದು ಹೇಗೆ?

ಅಮೆರಿಕದ ಫಿಲ್ ಜಿಮ್ಮರ್‌ಮನ್ ಎಂಬವರು 1991ರಲ್ಲಿ ಪಿಜಿಪಿ ಎಂಬ ಕಂಪ್ಯೂಟರ್ ಪ್ರೋಗ್ರಾಮನ್ನು ರಚಿಸಿ ಬಿಟ್ಟಿಯಾಗಿ ಹಂಚಿದರು. ಇ-ಮೇಲನ್ನೂ ಕಡತಗಳನ್ನೂ ಗೂಢಲಿಪಿಗೆ ತಿರುಗಿಸಿ, ಸಂಬಂಧಪಟ್ಟವರ ಹೊರತು ಅನ್ಯರು ಓದಲಾಗದಂತೆ ಮಾಡುವುದು ಅದರ ಕೆಲಸ. ಅದನ್ನು ಏಕೆ ರಚಿಸಿದೆನೆಂದು ವಿವರಿಸಿ ಅವರೊಂದು ಪ್ರಬಂಧವನ್ನೂ ಬರೆದರು. 1999ರಲ್ಲಿ ಅದನ್ನು ಪರಿಷ್ಕರಿಸಿದರು. ಬರಹ ಹಳೆಯದು. ಆದರೂ ಪ್ಯಾನ್ ಕಾರ್ಡಿನ ಪ್ರತಿ, ಪಿಂಚಣಿ ಕಾಗದ, ವೈದ್ಯರ ವರದಿಗಳನ್ನು ಊರಿಗೂ ಪರವೂರಿಗೂ ಇ-ಮೇಲಿನಲ್ಲೇ ಕಳಿಸುವ ನಮ್ಮಂಥ ಹೊರನಾಡ ಸಂಸಾರಗಳು ಓದಿ ವಿಚಾರ ಮಾಡತಕ್ಕದ್ದು.

ಪ್ರಬಂಧದ ಜೀವಾಳ ಒಂದು ಉಪಮೆ. ಸಾಮಾನ್ಯ ಇ-ಮೇಲು ಅಂಚೆ ಕಾರ್ಡಿನಂತೆ. ಗೂಢಲಿಪಿ ಅದರ ಲಕೋಟೆ. ಎಲ್ಲರೂ ಕಾರ್ಡಿನಲ್ಲೇ ಬರೆಯುತ್ತಿದ್ದರೆ ಲಕೋಟೆ ಬಳಸಿದವನೊಬ್ಬನ ಮೇಲೆ ಅನುಮಾನ ಹುಟ್ಟುತ್ತದೆ. ಎಲ್ಲರೂ ಲಕೋಟೆ ಬಳಸಿದರೆ ಯಾರ ಮೇಲೂ ಇಲ್ಲ. ‘ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?’ ಎಂದು ಕೇಳುವವರಿಗೆ ಇದಕ್ಕಿಂತ ಚೊಕ್ಕ ಉತ್ತರ ಬೇಕಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ನಮ್ಮ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತದ್ದು 2017ರ ಆಗಸ್ಟ್ 24ರಂದು. ಆ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಜಿಮ್ಮರ್‌ಮನ್ನರಾದರೋ ತಮ್ಮ ನಂಬಿಕೆಗೆ ಬೆಲೆ ತೆತ್ತವರು. ಗೂಢಲಿಪಿಯ ರಫ್ತಿನ ವಿಷಯದಲ್ಲಿ ಅಮೆರಿಕ ಸರ್ಕಾರ ಅವರ ಮೇಲೆ ನಡೆಸಿದ ತನಿಖೆ 1996ರಲ್ಲಷ್ಟೇ ಮುಗಿಯಿತು, ಮೊಕದ್ದಮೆ ಹೂಡಲಿಲ್ಲ.

ಆದರೆ ಉಪಮೆ ಮುಂದೆ ಕುಂಟುತ್ತದೆ. ಲಕೋಟೆ ಅಂಟಿಸಲು ಎಂಜಲು ಸಾಕು. ಪಿಜಿಪಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಕೀಲಿ. ಬಹಿರಂಗ ಕೀಲಿಯನ್ನು ಊರಿಗೆಲ್ಲ ಹಂಚಬಹುದು. ಅದರಿಂದ ಹಾಕಿದ ಬೀಗ ತೆರೆಯುವುದು ಒಡೆಯನ ಖಾಸಗಿ ಕೀಲಿಯಿಂದ ಮಾತ್ರ. ತತ್ತ್ವ ಸೊಗಸಾಗಿದೆ. ಆದರೆ ಕೈಗೆ ಬಂದ ಕೀಲಿ ನಿಜವಾಗಿ ಅವರದೇ ಎಂದು ಪರೀಕ್ಷಿಸುವ ಹೊಣೆ ನಮ್ಮದು. 1999ರಲ್ಲಿ ಆಲ್ಮಾ ವಿಟನ್ ಮತ್ತು ಜೆ. ಡಿ. ಟೈಗರ್ ಎಂಬ ಸಂಶೋಧಕರು 12 ಮಂದಿಗೆ ಪಿಜಿಪಿ 5.0 ಕೊಟ್ಟು, 90 ನಿಮಿಷದಲ್ಲಿ ಸಂದೇಶಕ್ಕೆ ಸಹಿ ಹಾಕಿ ಮುಚ್ಚಿ ಕಳಿಸಲು ಹೇಳಿದರು. ಸರಿಯಾಗಿ ಮಾಡಿದವರು ಮೂರರಲ್ಲೊಂದು ಪಾಲು. ಮೂವರು ಗುಟ್ಟನ್ನು ಮುಚ್ಚಿದೆವೆಂದು ನಂಬಿ ಬಯಲಾಗಿಯೇ ಕಳಿಸಿಬಿಟ್ಟರು! ಸರ್ಕಾರಿ ನೌಕರನಾದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಜನ ತುಂಬಲಾರದ ಫಾರಂ ಜನರ ತಪ್ಪಲ್ಲ, ಫಾರಂ ಮಾಡಿದವರದು.

‘ಎಲ್ಲರೂ’ ಎಂಬ ಜಿಮ್ಮರ್‌ಮನ್ನರ ಆಸೆ ಬೇರೆ ದಾರಿಯಲ್ಲಿ ಕೈಗೂಡಿತು. 2016ರಲ್ಲಿ ವಾಟ್ಸಾಪ್ ತನ್ನ ಎಲ್ಲ ಬಳಕೆದಾರರ ಸಂದೇಶಗಳಿಗೂ ಈ ಬಗೆಯ ಬೀಗ ಹಾಕಿತು. ಯಾರೂ ಕೀಲಿಯ ಹೆಸರನ್ನೂ ಕೇಳಬೇಕಾಗಲಿಲ್ಲ. ಸಾಮಾನ್ಯ ಇ-ಮೇಲಿಗೆ ಆ ಭಾಗ್ಯವಿಲ್ಲ. ಅದು ಬಹುಮಟ್ಟಿಗೆ ಬೀಗ ಹಾಕಿದ ವ್ಯಾನಿನಲ್ಲಿ ಸಾಗುತ್ತದೆ ನಿಜ, ಆದರೆ ಸೇವೆ ಕೊಡುವ ಕಂಪನಿ ತನ್ನ ಅಂಚೆಮನೆಯಲ್ಲಿ ಚೀಲ ಬಿಚ್ಚಬಲ್ಲದು. ಆದುದರಿಂದ ಮುಖ್ಯ ಕಾಗದಗಳನ್ನು ಪಾಸ್‌ವರ್ಡ್ ಹಾಕಿದ ಕಡತವಾಗಿ ಕಳಿಸಿ, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳುವುದು ಲೇಸು. ಅದೇ ಮೇಲಿನಲ್ಲಿ ಬರೆದರೆ ಬೀಗದ ಪಕ್ಕದಲ್ಲೇ ಕೀಲಿ ತೂಗುಹಾಕಿದಂತೆ.

ಪ್ರಬಂಧದ ದೊಡ್ಡ ಕೊರತೆ ಇನ್ನೊಂದಿದೆ. ಲೇಖಕರ ಕಣ್ಣೆಲ್ಲ ಇಣುಕಿ ನೋಡುವವರ ಮೇಲೆ, ಮನೆಯವರ ಮೇಲಿಲ್ಲ. ಲಕೋಟೆಯನ್ನು ಹರಿದಾದರೂ ಓದಬಹುದು. ಒಳ್ಳೆಯ ಗೂಢಲಿಪಿಯ ಕೀಲಿ ಕಳೆದರೆ ಒಡೆಯನಿಗೂ ಅದು ಕಲ್ಲೇ. ಮನೆಯ ಯಜಮಾನರು ವಿಮೆ, ಬ್ಯಾಂಕು, ನಿವೇಶನದ ಪತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ಬೀಗ ಹಾಕಿಟ್ಟು ಹಠಾತ್ತನೆ ತೀರಿಕೊಂಡರೆ, ಪರವೂರಿನಲ್ಲಿ ಹೆಂಡತಿ ಮಕ್ಕಳು ಯಾರ ಬಾಗಿಲು ತಟ್ಟಬೇಕು? ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಭದ್ರವಾಗಿಟ್ಟು ಮನೆಯಲ್ಲೊಬ್ಬರಿಗೆ ತಿಳಿಸಿರಬೇಕು.

ಖಾಸಗಿತನವೇಕೆಂದು ತಿಳಿಯಲು ಈ ಪ್ರಬಂಧವನ್ನು ಓದಿರಿ, ಅದಕ್ಕೆ ಮುಪ್ಪಿಲ್ಲ. ಅದನ್ನು ಕಾಪಾಡಿಕೊಳ್ಳುವ ಬಗೆಗೆ ಮಾತ್ರ ಇದೊಂದನ್ನೇ ನೆಚ್ಚಬೇಡಿ.